ಎರಡು ಪುಟ ಮೀರದಂತೆ

ಜನವರಿ ೧೧

ಪ್ರೀತಿಯ ದೊಡ್ಡಮ್ಮನಿಗೆ,

ಮೊದಲು ಕೂತುಕೋ, ಆಮೇಲೆ ಓದು.

ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ ಬರೆದಿದ್ದೆ. ನಿನಗೆ ಹೇಳಿರಲಿಲ್ಲ. ಸೋತರೆ ಸೋತದ್ದು ನನ್ನೊಬ್ಬಳಿಗೇ ಗೊತ್ತಿರಲಿ ಎಂದುಕೊಂಡಿದ್ದೆ. ಈಗ ಹೇಳುತ್ತಿದ್ದೇನೆ ಎಂದರೆ ನೀನೇ ಅರ್ಥಮಾಡಿಕೋ. ಬರೆದ ನಾಲ್ಕು ಸಾವಿರ ಜನರಲ್ಲಿ ಮುನ್ನೂರು ಜನರನ್ನು ಮುಂದಿನ ಸುತ್ತಿಗೆ ಆರಿಸಿದ್ದಾರೆ. ಪಟ್ಟಿಯಲ್ಲಿ ನನ್ನ ನಂಬರನ್ನು ನಾಲ್ಕು ಸಲ ಬೆರಳಿಟ್ಟು ನೋಡಿದೆ. ಐದನೇ ಸಲ ಪಕ್ಕದಲ್ಲಿ ನಿಂತಿದ್ದವರ ಕೈಲಿ ಓದಿಸಿದೆ.

ಬ್ಲಡ್ ಬ್ಯಾಂಕಿನ ಕೆಲಸ ಬಿಟ್ಟಿಲ್ಲ, ಹೆದರಬೇಡ. ಆರು ವರ್ಷದಿಂದ ಮಾಡುತ್ತಿದ್ದ ಹಾಗೇ ರಕ್ತ ತೆಗೆಯುವುದು, ಗುಂಪು ನೋಡುವುದು, ಬ್ಯಾಗ್ ಕಳಿಸುವುದು. ಓದಿದ್ದೆಲ್ಲ ಬೆಳಗಿನ ಜಾವ ಮತ್ತು ಬಸ್ಸಿನಲ್ಲಿ. ಕಂಡಕ್ಟರ್ ನನಗೆ ‘ಮೂಳೆ ಪುಸ್ತಕ’ ಎಂದೇ ಹೆಸರಿಟ್ಟಿದ್ದಾನೆ.

ಇನ್ನು ಉಳಿದಿರುವುದು ಅರ್ಜಿ. ಇರುವುದು ತೊಂಬತ್ತು ಸೀಟು. ಕೆಲಸದ ಜಾಗದ ಮುಖ್ಯಸ್ಥರಿಂದ ಒಂದು ಶಿಫಾರಸು ಪತ್ರ ಬೇಕು. ‘ವೈದ್ಯಳಾಗಲು ಏಕೆ ಬಯಸುತ್ತೀರಿ’ ಎಂದು ಒಂದು ಪ್ರಬಂಧ ಬರೆಯಬೇಕು, ಎರಡು ಪುಟ ಮೀರದಂತೆ. ಅದರಲ್ಲಿ ಯಾವುದಾದರೂ ಘಟನೆ ಬರೆದರೆ ಅದನ್ನು ಕಣ್ಣಾರೆ ಕಂಡ ಒಬ್ಬರು ‘ಇದು ನಿಜ’ ಎಂದು ಸಹಿ ಹಾಕಬೇಕು. ಎಲ್ಲವೂ ಮಾರ್ಚ್ ಕೊನೆಯೊಳಗೆ.

ನಾನು ಏನು ಬರೆದಿರುತ್ತೇನೆ ಎಂದು ನಿನಗೆ ಬೇರೆ ಹೇಳಬೇಕೇ? ಅಮ್ಮ ಹೋದ ಮೇಲೆ ಒಂಬತ್ತು ವರ್ಷದವಳನ್ನು ಬೋಟಿನಲ್ಲಿ ಕರೆದುಕೊಂಡು ಹೋಗಿ, ದ್ವೀಪದ ದವಾಖಾನೆಯ ಹಿಂದಿನ ಎರಡು ಕೋಣೆಯಲ್ಲಿ ಸಾಕಿದವಳು ನೀನು. ನನಗೆ ಹನ್ನೊಂದಾಗಿದ್ದಾಗ, ಆ ಮಟಮಟ ಮಧ್ಯಾಹ್ನ, ದೋಣಿಗೆ ಬಣ್ಣ ಬಳಿಯುವ ಅಕ್ಕನ ಹೆರಿಗೆ ಮಾಡಿಸಿದೆಯಲ್ಲ, ಅದನ್ನೇ ಬರೆದಿದ್ದೇನೆ. ಬೋಗುಣಿ ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದು, ನಿನ್ನ ಕೈ ಒಂದು ಸಲವೂ ನಡುಗದೇ ಇದ್ದದ್ದು. ಪ್ರತಿ ಇದರ ಜೊತೆಗಿದೆ. ಕೊನೆಯಲ್ಲಿ ಗೆರೆ ಎಳೆದ ಜಾಗದಲ್ಲಿ ಸಹಿ ಹಾಕಿ ಕಳಿಸು.

ನಿನ್ನ ಮಗಳು


ಜನವರಿ ೨೫

ಮಗಳೇ,

ನಿಂತೇ ಓದಿದೆ. ಬೀಳಲಿಲ್ಲ. ಸ್ವಲ್ಪ ಹೊತ್ತು ಔಷಧಿ ಬೀರು ಹಿಡಿದುಕೊಂಡಿದ್ದೆ, ಅಷ್ಟೇ.

ನಾನು ಯಾರಿಗೂ ಹೇಳಿಲ್ಲ. ಬೋಟಿನವನಿಗೆ ಹೇಳಿದೆ, ಕಾಗದ ತಂದುಕೊಟ್ಟವನು ಅವನೇ ಅಲ್ಲವೇ. ಚುಚ್ಚುಮದ್ದಿಗೆ ಬಂದಿದ್ದ ಹನ್ನೊಂದು ತಾಯಂದಿರಿಗೆ ಹೇಳಿದೆ, ಮಕ್ಕಳು ಅಳುವಾಗ ಏನಾದರೂ ಮಾತಾಡಬೇಕಲ್ಲ. ಶಾಲೆಯ ಹೆಡ್‌ಮೇಷ್ಟ್ರು ತಲೆನೋವಿಗೆ ಮಾತ್ರೆ ಕೇಳಲು ಬಂದರು. ಮಾತ್ರೆ ಕೊಡುವ ಮುಂಚೆ ಅವರಿಗೂ ಹೇಳಿದೆ. ಇಷ್ಟು ಬಿಟ್ಟರೆ ಯಾರಿಗೂ ಹೇಳಿಲ್ಲ.

ಈಗ ನಿನ್ನ ಪ್ರಬಂಧ. ‘ಸಾವಿನ ಬಾಯಿಂದ ಎರಡು ಜೀವಗಳನ್ನು ಕಿತ್ತು ತಂದಳು’ ಎಂದು ಬರೆದಿದ್ದೀಯ. ನಾನೇನು ಕುಸ್ತಿ ಆಡಿದೆನೇ? ‘ದೇವತೆ’ ಎಂದು ಎರಡು ಕಡೆ ಇದೆ. ಸೊಂಟನೋವಿರುವ ದೇವತೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ದೇವತೆ. ಅದನ್ನೆಲ್ಲ ಹೊಡೆದುಹಾಕು.

ಹೊಡೆದುಹಾಕಿದರೆ ಸಾಲದು. ಆ ಹೆರಿಗೆಯ ಕಥೆಯನ್ನೇ ತೆಗೆದುಬಿಡು. ನಿನ್ನ ಅರ್ಜಿಯಲ್ಲಿ ನಿನ್ನ ಕೆಲಸ ಇರಲಿ, ನನ್ನದೇಕೆ? ನಾನು ಸಹಿ ಹಾಕಿಲ್ಲ.

ಬಸ್ಸಿನಲ್ಲಿ ಓದಬೇಡ, ಕಣ್ಣು ಹಾಳಾಗುತ್ತದೆ.

ದೊಡ್ಡಮ್ಮ


ಫೆಬ್ರವರಿ ೪

ದೊಡ್ಡಮ್ಮ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲನೇ ಸಲ ನಕ್ಕೆ. ಮೂರನೇ ಸಲಕ್ಕೆ ನಗು ಬರಲಿಲ್ಲ.

ಅರ್ಜಿ ತಿದ್ದಿಕೊಡುವ ತರಗತಿಗೆ ಭಾನುವಾರ ಹೋಗುತ್ತೇನೆ. ಅಲ್ಲಿನ ಮೇಷ್ಟ್ರು ಈ ಪ್ರಬಂಧ ಓದಿ, “ಇದು ಚಿನ್ನ ಕಣಮ್ಮ. ಒಂದಕ್ಷರ ಮುಟ್ಟಬೇಡ” ಅಂದರು. ಉಳಿದವರೆಲ್ಲ ದೂರದ ದೇಶದಲ್ಲಿ ಸೇವೆ ಮಾಡಿದ್ದು, ಸಂಶೋಧನಾಲಯದಲ್ಲಿ ಇಲಿ ಹಿಡಿದದ್ದು ಬರೆಯುತ್ತಿದ್ದಾರೆ. ಅರ್ಧ ಜನರ ಮನೆಯಲ್ಲಿ ಡಾಕ್ಟರಿದ್ದಾರೆ. ನನ್ನ ಹತ್ತಿರ ಇರುವುದು ನೀನೊಬ್ಬಳೇ. ನಿನ್ನನ್ನೇ ತೆಗೆದುಬಿಡು ಅನ್ನುತ್ತೀಯಲ್ಲ?

ಇದು ಬರೀ ಸಂಕೋಚ ಅಲ್ಲ ಅನಿಸುತ್ತಿದೆ. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಮೂವತ್ತು ವರ್ಷ ಪಟ್ಟಣದ ಡಾಕ್ಟರುಗಳ ಕೈಲಿ ಅನ್ನಿಸಿಕೊಂಡವಳು ನೀನು. ಫೋನಿನಲ್ಲಿ ಅವರು ರೇಗಿದಾಗ ನೀನು “ಸರಿ ಸರ್, ಸರಿ ಸರ್” ಅನ್ನುತ್ತಿದ್ದದ್ದು ನನಗೆ ನೆನಪಿದೆ. ನಾನೂ ಅವರ ಸಾಲಿಗೆ ಹೋಗಿ ನಿಲ್ಲುವುದು ನಿನಗೆ ಒಳಗೊಳಗೇ ಹಿಡಿಸುತ್ತಿಲ್ಲವೇ? ಹಾಗಿದ್ದರೆ ನೇರ ಹೇಳು. ಅಲ್ಲವಾದರೆ ಸಹಿ ಹಾಕು. ಕಾಗದ ಮತ್ತೆ ಇಟ್ಟಿದ್ದೇನೆ.

ನಿನ್ನ ಮಗಳು


ಫೆಬ್ರವರಿ ೧೯

ಮಗಳೇ,

ಎರಡು ಬೋಟು ತಪ್ಪಿಸಿ ಈಗ ಬರೆಯುತ್ತಿದ್ದೇನೆ. ಎರಡು ಸಲ ಬರೆದು ಹರಿದೆ.

ನೀನು ಡಾಕ್ಟರಾಗುವುದು ನನಗೆ ಹಿಡಿಸುವುದಿಲ್ಲ ಎಂದು ಹೇಗೆ ಎಣಿಸಿದೆ? ಆ ಮುನ್ನೂರರ ಪಟ್ಟಿಯನ್ನು ಬೋಟಿನವನ ಕೈಲಿ ಪಟ್ಟಣದಿಂದ ತರಿಸಿ ಗೋಡೆಗೆ ಅಂಟಿಸಿದ್ದೇನೆ. ಲಸಿಕೆಯ ಪಟ್ಟಿ ಇದ್ದ ಜಾಗದಲ್ಲಿ ಈಗ ನಿನ್ನ ನಂಬರ್ ಇದೆ.

ಆದರೆ ಆ ಕಾಗದಕ್ಕೆ ‘ಇದು ನಿಜ’ ಎಂದು ಸಹಿ ಹಾಕಲು ನನ್ನಿಂದ ಆಗುವುದಿಲ್ಲ. ಏಕೆಂದರೆ ಅದು ನಿಜ ಅಲ್ಲ. ನಿನ್ನ ತಪ್ಪಿಲ್ಲ. ನೀನು ಅವತ್ತು ಶಾಲೆಯಿಂದ ಊಟಕ್ಕೆ ಬಂದದ್ದು ಹನ್ನೆರಡೂವರೆಗೆ. ಅಲ್ಲಿಂದ ಮುಂದಿನದನ್ನು ಕಂಡೆ, ಕಂಡದ್ದನ್ನು ಬರೆದೆ. ಅದಕ್ಕೂ ಮುಂಚೆ ನಡೆದದ್ದನ್ನು ನೀನು ಕಂಡಿಲ್ಲ.

ಬೆಳಿಗ್ಗೆ ಹತ್ತಕ್ಕೇ ನನಗೆ ಗೊತ್ತಾಗಿತ್ತು. ಹೆರಿಗೆ ನೋವು ಕುಗ್ಗುತ್ತಿತ್ತು, ಮಗು ಕೆಳಗಿಳಿಯುತ್ತಿರಲಿಲ್ಲ. ಆಗಲೇ ಫೋನು ಮಾಡಿ ಬೋಟು ಕರೆಸಿದ್ದರೆ ಹನ್ನೊಂದೂವರೆಗೆ ಬರುತ್ತಿತ್ತು, ಒಂದು ಗಂಟೆಗೆ ಅವಳು ಪಟ್ಟಣದ ಆಸ್ಪತ್ರೆಯ ಮೇಜಿನ ಮೇಲಿರುತ್ತಿದ್ದಳು. ನಾನು ಕರೆಸಲಿಲ್ಲ. ಹಿಂದಿನ ತಿಂಗಳು ಒಬ್ಬಳನ್ನು ಹೀಗೇ ಕಳಿಸಿದ್ದೆ. ಅವಳಿಗೆ ಬೋಟಿನಲ್ಲೇ ಸಲೀಸಾಗಿ ಹೆರಿಗೆಯಾಗಿತ್ತು. ಆಗ ಅಲ್ಲಿಯ ಡಾಕ್ಟರು ವಾರ್ಡಿನವರೆಲ್ಲರ ಎದುರು, “ನರ್ಸಮ್ಮನಿಗೆ ಧೈರ್ಯ ಇಲ್ಲ, ಬೋಟ್ ಇದೆ” ಎಂದು ನಕ್ಕಿದ್ದರು. ಆ ಮಾತು ಮುಳ್ಳಿನ ಹಾಗೆ ಒಳಗೇ ಇತ್ತು. ಇನ್ನರ್ಧ ಗಂಟೆ ನೋಡೋಣ, ಇನ್ನರ್ಧ ಗಂಟೆ ನೋಡೋಣ ಎಂದು ತಳ್ಳಿದೆ. ಫೋನು ಮಾಡಿದ್ದು ಹನ್ನೆರಡು ಇಪ್ಪತ್ತಕ್ಕೆ.

ಮಗು ಬಂತು, ಅತ್ತಿತು. ಅದನ್ನು ನೀನು ಚೆನ್ನಾಗಿಯೇ ಬರೆದಿದ್ದೀಯ. ಆಮೇಲೆ ತಾಯಿಗೆ ರಕ್ತ ಹೋಗಲು ಶುರುವಾಯಿತು, ನಿಲ್ಲಲಿಲ್ಲ. ನನ್ನ ಕೈ ನಡುಗದೇ ಇದ್ದದ್ದು ಧೈರ್ಯಕ್ಕಲ್ಲ ಮಗಳೇ. ಒಂದು ಮುಷ್ಟಿಯನ್ನು ಒಳಗೆ, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿದಿದ್ದೆ, ಬೋಟು ಬರುವವರೆಗೂ. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಬಂತು. ಪಟ್ಟಣದಲ್ಲಿ ಅವಳ ಜೀವ ಉಳಿಸಿದರು. ಉಳಿಸಲು ಗರ್ಭಕೋಶ ತೆಗೆಯಬೇಕಾಯಿತು. ಇಪ್ಪತ್ತೆರಡು ವರ್ಷ ಅವಳಿಗೆ. ಮನೆ ತುಂಬ ಮಕ್ಕಳು ಬೇಕು ಅನ್ನುತ್ತಿದ್ದವಳು.

ನಾನು ಸುಳ್ಳು ಹೇಳಲಿಲ್ಲ. ಹೆರಿಗೆ ಪುಸ್ತಕದಲ್ಲಿ ಹೊತ್ತನ್ನು ಸರಿಯಾಗಿಯೇ ಬರೆದಿದ್ದೇನೆ, ಯಾರು ಬೇಕಾದರೂ ನೋಡಬಹುದು. ಯಾರೂ ನೋಡಲಿಲ್ಲ. ಇಡೀ ದ್ವೀಪ “ನರ್ಸಮ್ಮ ಎರಡು ಜೀವ ಉಳಿಸಿದರು” ಎಂದಿತು. ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ನೀನೂ ಹಾಗೆಯೇ ಹೇಳುತ್ತ ಬೆಳೆದೆ, ನಾನು ಬೆಳೆಯಲು ಬಿಟ್ಟೆ. ಹದಿನಾಲ್ಕು ವರ್ಷವಾಯಿತು.

ಈ ಕಥೆ ಹಿಡಿದು ನೀನು ಆ ಕಾಲೇಜಿನ ಮೆಟ್ಟಿಲು ಹತ್ತಬಾರದು. ಹತ್ತಲು ನಿನಗೆ ನನ್ನ ಹೆಗಲು ಬೇಕಾಗಿಯೂ ಇಲ್ಲ.

ದೊಡ್ಡಮ್ಮ


ಮಾರ್ಚ್ ೧೨

ಮಗಳೇ,

ಮೂರು ವಾರವಾಯಿತು, ನಿನ್ನ ಕಾಗದ ಬರಲಿಲ್ಲ. ಯಾಕೆಂದು ಕೇಳುವುದಿಲ್ಲ. ಕೇಳುವ ಬಾಯಿ ನನಗೆಲ್ಲಿದೆ? ನನ್ನ ವಿಷಯ ನಿನಗೆ ಹೇಸಿಗೆಯಾಗಿದ್ದರೆ ಆಗಲಿ, ಅದನ್ನು ಹೊಟ್ಟೆಗೆ ಹಾಕಿಕೊಳ್ಳುವಷ್ಟು ವಯಸ್ಸು ನನಗಾಗಿದೆ.

ಒಂದೇ ಒಂದು ತಿಳಿಸು. ಅರ್ಜಿ ಹೋಯಿತೇ? ಒಂದು ಸಾಲು ಸಾಕು. ನನ್ನ ದೆಸೆಯಿಂದ ಅರ್ಜಿಯನ್ನೇ ಕೈಬಿಟ್ಟೆ ಎಂದು ಮಾತ್ರ ಬರೆಯಬೇಡ.

ದೊಡ್ಡಮ್ಮ


ಮಾರ್ಚ್ ೨೦

ದೊಡ್ಡಮ್ಮ,

ಅರ್ಜಿ ಮೊನ್ನೆ ಹೋಯಿತು. ಹೆರಿಗೆಯ ಕಥೆ ಇಲ್ಲ. ಬೇರೆ ಬರೆದೆ. ಕೊನೆಯ ಎರಡು ವಾರದಲ್ಲಿ ಹೊಸದಾಗಿ ಬರೆದದ್ದು, ಸಹಿಯೂ ಇಲ್ಲಿಯವರದ್ದೇ. ತರಗತಿಯ ಮೇಷ್ಟ್ರು ಅದನ್ನು ಓದಿ, “ಯಾಕಮ್ಮ, ಸೀಟು ಬೇಡವಾ ನಿನಗೆ?” ಎಂದು ತಲೆ ಚಚ್ಚಿಕೊಂಡರು. ಏನು ಬರೆದೆ ಎಂದು ಈಗ ಕೇಳಬೇಡ.

ನನಗೆ ಹೇಸಿಗೆಯೂ ಆಗಿಲ್ಲ, ಸಿಟ್ಟೂ ಇಲ್ಲ. ಕೆಲಸದಲ್ಲಿ ಸ್ವಲ್ಪ ತೊಂದರೆಯಿತ್ತು, ಬರೆಯಲಾಗಲಿಲ್ಲ. ಈಗ ಸರಿಹೋಗಿದೆ. ಸಂದರ್ಶನಕ್ಕೆ ಕರೆದರೆ ಮೇ ತಿಂಗಳಲ್ಲಿ.

ಹೆಚ್ಚು ಬರೆಯಲು ಹೊತ್ತಿಲ್ಲ. ಸೊಂಟಕ್ಕೆ ಶಾಖ ಕೊಟ್ಟುಕೋ.

ನಿನ್ನ ಮಗಳು


ಏಪ್ರಿಲ್ ೯

ಮಗಳೇ,

ನಿನ್ನ ಕಾಗದ ಗಿಡ್ಡವಾಗಿತ್ತು. ಸಿಟ್ಟಿಲ್ಲ ಎಂದು ಬರೆದಿದ್ದೀಯ, ಹಾಗೆ ಬರೆಯಬೇಕಾಗಿ ಬಂತಲ್ಲ ಎಂದು ನೊಂದೆ. ಆದರೂ ಅರ್ಜಿ ಹೋಯಿತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ನನ್ನದೊಂದು ಸುದ್ದಿಯಿದೆ. ನಿನಗೆ ಬರೆದ ಮೇಲೆ ಒಂದು ವಿಷಯ ಹೊಳೆಯಿತು. ಹೇಳಬೇಕಾದವಳನ್ನು ಬಿಟ್ಟು ಬೇರೆಯವಳಿಗೆ ಹೇಳಿದ್ದೆ. ಹೇಳಬೇಕಾದವಳು ದವಾಖಾನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ದಿನಾ ಬಣ್ಣ ಬಳಿಯುತ್ತಾಳೆ. ಹದಿನಾಲ್ಕು ವರ್ಷದಿಂದ ನಾನು ಆ ದಾರಿ ಬಿಟ್ಟು ಸುತ್ತುಬಳಸಿ ಬೋಟುಕಟ್ಟೆಗೆ ಹೋಗುತ್ತೇನೆ. ಯಾಕೆಂದು ಯಾರಾದರೂ ಹೊಸಬರು ಕೇಳಿದರೆ ‘ಸೊಂಟಕ್ಕೆ ನಡೆಯುವುದು ಒಳ್ಳೆಯದು’ ಎಂದು ಹೇಳುತ್ತೇನೆ.

ಹೋದ ಶನಿವಾರ ನೇರ ದಾರಿಯಲ್ಲಿ ಹೋದೆ. ಅವಳು ಏಣಿಯ ಮೇಲೆ ನಿಂತು ದೋಣಿಯ ಹೊಟ್ಟೆಗೆ ನೀಲಿ ಬಳಿಯುತ್ತಿದ್ದಳು. ಮಗಳು ಕೆಳಗೆ ಕೂತು ಹಲಗೆ ಉಜ್ಜುತ್ತಿದ್ದಳು. ನಾವು ಮಾತಾಡಬೇಕು ಎಂದೆ. ಅವಳು ಮಗಳನ್ನು ಅಂಗಡಿಗೆ ಕಳಿಸಿದಳು. ಏಣಿಯಿಂದ ಮಾತ್ರ ಇಳಿಯಲಿಲ್ಲ.

ನಾನು ಎಲ್ಲ ಹೇಳಿದೆ. ಹತ್ತು ಗಂಟೆ, ಹನ್ನೆರಡು ಇಪ್ಪತ್ತು, ಆ ಡಾಕ್ಟರ ಮಾತು, ನನ್ನ ಹಟ. ಅವಳು ಕೈ ನಿಲ್ಲಿಸಲಿಲ್ಲ, ಬಳಿಯುತ್ತಲೇ ಇದ್ದಳು. ನಾನು ಮುಗಿಸಿದ ಮೇಲೆ,

“ನಂಗೆ ಗೊತ್ತು ನರ್ಸಮ್ಮ” ಅಂದಳು.

“ಏನು ಗೊತ್ತು?”

“ಎಲ್ಲಾ. ಅವತ್ತೇ ಅಲ್ಲಿಯ ಆಪರೇಷನ್ ಡಾಕ್ಟರು ಹೇಳಿದ್ರು, ಎರಡು ಗಂಟೆ ಮುಂಚೆ ಬಂದಿದ್ರೆ ಗರ್ಭಕೋಶ ಉಳೀತಿತ್ತು ಅಂತ. ಗಡಿಯಾರ ನೋಡೋಕೆ ನಂಗೂ ಬರುತ್ತೆ.”

“ಮತ್ತೆ ಯಾಕೆ ಒಂದು ಮಾತೂ ಕೇಳ್ಲಿಲ್ಲ?” ಎಂದೆ.

“ಎರಡು ವರ್ಷ ನಿಮ್ಮ ಮುಖ ಕಂಡ್ರೆ ಮೈ ಉರೀತಿತ್ತು. ಆಮೇಲೆ ಮಗಳಿಗೆ ಜ್ವರ ಬಂದಾಗ ನೀವೇ ಮೂರು ದಿನ ಬಂದು ಕೂತ್ರಿ. ಸಿಟ್ಟು ಮಾಡ್ಕೊಂಡು ಕೂತ್ರೆ ಔಷಧಿ ಯಾರು ಕೊಡ್ತಾರೆ? ನೀವಾಗಿ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ. ಹದಿನಾಲ್ಕು ವರ್ಷ ತಗೊಂಡ್ರಿ. ಆ ಬೋಟಿಗಿಂತ ನಿಧಾನ ನೀವು.”

ಅವಳು ನಗಲಿಲ್ಲ, ನಾನೂ ನಗಲಿಲ್ಲ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಕುಂಚ ಅದ್ದಿಕೊಳ್ಳುತ್ತ, “ಸುಮ್ನೆ ನಿಂತ್ಕೋಬೇಡಿ, ಆ ಡಬ್ಬ ಎತ್ತಿ ಕೊಡಿ” ಅಂದಳು. ಕೊಟ್ಟೆ. ಬಿಸಿಲು ಇಳಿಯುವವರೆಗೂ ಡಬ್ಬ ಹಿಡಿದುಕೊಂಡು ನಿಂತಿದ್ದೆ. ಮಾರನೇ ದಿನ ಬೋಟುಕಟ್ಟೆಗೆ ನೇರ ದಾರಿಯಲ್ಲೇ ಹೋದೆ. ಐದು ನಿಮಿಷ ಉಳಿಯುತ್ತದೆ.

ಇದನ್ನು ನಿನಗೆ ಬರೆಯುವುದು ಮೆಚ್ಚಿಸಲು ಅಲ್ಲ. ನೀನು ಸಹಿಗೆಂದು ಆ ಪ್ರಬಂಧ ನನಗೆ ಕಳಿಸದೇ ಇದ್ದಿದ್ದರೆ ನಾನು ಹೀಗೆಯೇ ಸತ್ತುಹೋಗುತ್ತಿದ್ದೆ.

ದೊಡ್ಡಮ್ಮ


ಮೇ ೬

ನನ್ನ ದೊಡ್ಡಮ್ಮ,

ನಿನ್ನ ಕಾಗದವನ್ನು ಬ್ಲಡ್ ಬ್ಯಾಂಕಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಅತ್ತೆ, ಮುಖ ತೊಳೆದೆ, ಮತ್ತೆ ಓದಿದೆ. ಈಗ ನಾನೂ ಹೇಳುತ್ತೇನೆ. ಮಾರ್ಚಿನಲ್ಲಿ ‘ಸ್ವಲ್ಪ ತೊಂದರೆ’ ಎಂದು ಬರೆದೆನಲ್ಲ, ಅದು ಸ್ವಲ್ಪ ಅಲ್ಲ.

ಫೆಬ್ರವರಿ ೨೪ರ ಬೆಳಿಗ್ಗೆ ಮೂರನೇ ಮಹಡಿಯ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯ ಇಬ್ಬರಿಂದ ರಕ್ತ ತೆಗೆದೆ. ಹಾಸಿಗೆಯ ಪಕ್ಕದಲ್ಲೇ ಕೊಳವೆಗೆ ಹೆಸರಿನ ಚೀಟಿ ಅಂಟಿಸಬೇಕು, ಅದು ನಿಯಮ. ಅವತ್ತು ಅವಸರ, ಎರಡನ್ನೂ ಜೇಬಿಗೆ ಹಾಕಿಕೊಂಡು ಕೆಳಗೆ ಬಂದು ಅಂಟಿಸಿದೆ. ಅದಲುಬದಲಾಯಿತು. ಹಳೆಯ ದಾಖಲೆಯ ಜೊತೆ ಹೋಲಿಸಿ ನೋಡಿಯೇ ಬ್ಯಾಗ್ ಕಳಿಸಬೇಕು. ಅದನ್ನೂ ಬ್ಯಾಗ್ ಕಳಿಸಿದ ಮೇಲೆ ನೋಡಿದೆ. ಆ ಇಬ್ಬರಲ್ಲಿ ಒಬ್ಬರು ಮುದುಕರು, ಅವರದ್ದು ಹೋದ ವರ್ಷ ಓ ಗುಂಪು, ಅವತ್ತು ಬಿ. ಗುಂಪು ಬದಲಾಗುವುದುಂಟೇ ದೊಡ್ಡಮ್ಮ?

ಫೋನು ಎತ್ತಿದರೆ ಆ ವಾರ್ಡಿನಲ್ಲಿ ಯಾರೂ ತೆಗೆಯುತ್ತಿಲ್ಲ. ಲಿಫ್ಟಿಗೆ ಕಾಯಲಿಲ್ಲ, ಮೂರು ಮಹಡಿ ಓಡಿದೆ. ಬ್ಯಾಗ್ ನೇತುಹಾಕಿ ಆಗಿತ್ತು. ನರ್ಸ್ ನಳಿಕೆಯ ಬಿರಡೆ ತಿರುಗಿಸಲು ಕೈ ಇಟ್ಟಿದ್ದಳು. “ಬೇಡ!” ಎಂದು ಕಿರುಚಿದೆ. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಒಂದು ತೊಟ್ಟೂ ಒಳಗೆ ಹೋಗಿರಲಿಲ್ಲ. ಮುದುಕರು ನನ್ನನ್ನು ನೋಡಿ, “ಏನಮ್ಮ, ನೀನೇ ರಕ್ತ ಕುಡಿಯೋಕೆ ಬಂದ್ಯಾ?” ಎಂದು ತಮಾಷೆ ಮಾಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ.

ನರ್ಸ್ ಒಳ್ಳೆಯವಳು. “ಏನೂ ಆಗ್ಲಿಲ್ವಲ್ಲ, ಬಿಡು. ನಾನೂ ಹೇಳಲ್ಲ, ನೀನೂ ಹೇಳ್ಬೇಡ. ಅರ್ಜಿ ಬೇರೆ ಹಾಕ್ತಿದ್ದೀಯ” ಅಂದಳು. ನಾನು ಸುಮ್ಮನಾದೆ. ಒಂದು ದಿನವಲ್ಲ, ಎರಡು ದಿನ. ಇಪ್ಪತ್ತಾರಕ್ಕೆ ನಿನ್ನ ಕಾಗದ ಬಂತು, ಬೋಟಿನದು, ಹತ್ತು ಗಂಟೆಯದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು ನನಗೆ. ನೀನು ನಿನ್ನ ಕಥೆ ಬರೆದಿದ್ದೆ, ನಾನು ನನ್ನದನ್ನು ಓದಿದೆ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಓದಿದವಳು ಅಲ್ಲಿಂದ ನೇರ ಮೇಡಂ ಹತ್ತಿರ ಹೋದೆ.

ನಮ್ಮ ಮೇಡಮ್ಮನ್ನು ಎಲ್ಲರೂ ಹಿಂದಿನಿಂದ ‘ಕಬ್ಬಿಣ’ ಎಂದು ಕರೆಯುತ್ತಾರೆ. ಶಿಫಾರಸು ಪತ್ರ ಕೊಡಬೇಕಾದವರು ಅವರೇ. ಎಲ್ಲ ಕೇಳಿ, “ಎರಡು ದಿನ ಯಾಕೆ ಸುಮ್ನಿದ್ರಿ?” ಅಂದರು.

“ಸೀಟಿನಾಸೆ ಮೇಡಂ.”

“ಇವತ್ತು ಯಾಕೆ ಬಂದ್ರಿ?”

“ಸೀಟು ಸಿಕ್ಕಿದ್ಮೇಲೆ ಹೇಳೋದು ಇನ್ನೂ ಕಷ್ಟ ಆಗ್ತಿತ್ತು ಮೇಡಂ.”

ಮೂರು ವಾರ ನನ್ನನ್ನು ಮೇಜಿನಿಂದ ಎಬ್ಬಿಸಿ ಗಾಜಿನ ಸಾಮಾನು ತೊಳೆಯಲು ಹಾಕಿದರು. ಮುದುಕರಿಗೂ ಅವರ ಮನೆಯವರಿಗೂ ನಾನೇ ಹೋಗಿ ಹೇಳಿ ಬಂದೆ. ಆರು ವರ್ಷದಲ್ಲಿ ಮೊದಲ ಸಲ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತರು. ಅದಕ್ಕೇ ಬರೆಯಲಿಲ್ಲ. ನಿನ್ನ ಕಾಗದ ಓದಿ ಹೀಗೆ ಮಾಡಿದೆ ಎಂದರೆ, ನಾಳೆ ಸೀಟು ಸಿಗದಿದ್ದರೆ ಅದನ್ನೂ ನೀನು ನಿನ್ನ ತಲೆಗೇ ಕಟ್ಟಿಕೊಳ್ಳುತ್ತೀಯ. ನನಗೆ ಗೊತ್ತಿಲ್ಲವೇ ನೀನು?

ಪ್ರಬಂಧದಲ್ಲಿ ಇದನ್ನೇ ಬರೆದೆ. ‘ಇದು ನಿಜ’ ಎಂದು ಸಹಿ ಹಾಕಿದ್ದು ಆ ನರ್ಸ್. ಎರಡು ಸಲ ಪೆನ್ನು ಕೆಳಗಿಟ್ಟಳು, ಆದರೂ ಹಾಕಿದಳು. ಮೇಡಂ, “ನಾನೂ ಶಿಫಾರಸಿನಲ್ಲಿ ಇದನ್ನ ಬರೀಲೇಬೇಕಾಗುತ್ತೆ” ಅಂದರು. “ಬರೀರಿ ಮೇಡಂ, ನಾನೂ ಬರೆದಿದ್ದೀನಿ” ಎಂದೆ. ಲಕೋಟೆ ಅಂಟಿಸುವ ಮುಂಚೆ ಅವರು ಒಂದು ಸಾಲು ಓದಲು ಕೊಟ್ಟರು: ‘ಇವರು ಇನ್ನು ಮುಂದೆ ಕೊಳವೆಗೆ ಹಾಸಿಗೆಯ ಪಕ್ಕದಲ್ಲೇ ಚೀಟಿ ಅಂಟಿಸುತ್ತಾರೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ, ಬೇರೆ ಯಾರ ವಿಷಯದಲ್ಲೂ ಹೀಗೆ ಹೇಳಲಾರೆ.’ ಕಬ್ಬಿಣದ ಬಾಯಿಂದ ಇಷ್ಟು!

ಈಗ ಸುದ್ದಿ. ನಿನ್ನೆ ಕರೆ ಬಂತು. ಮುನ್ನೂರರಲ್ಲಿ ನೂರೈವತ್ತು ಜನರಿಗೆ ಸಂದರ್ಶನ. ನನ್ನದು ಮೇ ೨೨, ಬೆಳಿಗ್ಗೆ ಹನ್ನೊಂದಕ್ಕೆ.

ನಿನ್ನ ಮಗಳು


ಮೇ ೧೪

ಮಗಳೇ,

ಬೋಟು ಹೊರಡಲು ಹತ್ತು ನಿಮಿಷವಿದೆ, ಅದಕ್ಕೇ ಚುಟುಕಾಗಿ.

ನಾನು ಹದಿನಾಲ್ಕು ವರ್ಷ ತೆಗೆದುಕೊಂಡೆ. ನೀನು ಎರಡು ದಿನ. ನನ್ನ ಮಗಳು ನನಗಿಂತ ಎಷ್ಟು ಬೇಗ ಓಡುತ್ತಾಳೆ ನೋಡಿ ಎಂದು ಕಟ್ಟೆಯ ಮೇಲೆ ನಿಂತು ಕೂಗೋಣ ಅನಿಸಿತು. ಕೂಗಲಿಲ್ಲ, ಬೋಟಿನವನು ಹೆದರುತ್ತಾನೆ.

ಸಂದರ್ಶನದಲ್ಲಿ ಕೇಳಿದ್ದಕ್ಕೆ ಉತ್ತರ ಕೊಡು, ಕೇಳದ್ದಕ್ಕೆ ಕೊಡಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ಕಾಲು ಕಚ್ಚದ ಚಪ್ಪಲಿ ಹಾಕಿಕೋ. ಸೀಟು ಕೊಡಲಿ, ಬಿಡಲಿ, ಅದು ಅವರ ಕೆಲಸ. ನಿನ್ನ ಕೆಲಸ ನೀನು ಮಾಡಿ ಆಯಿತು.

ದೊಡ್ಡಮ್ಮ


ಮೇ ೨೪

ದೊಡ್ಡಮ್ಮ,

ಮುಗಿಯಿತು. ಚೆನ್ನಾಗಿ ಆಗಲಿಲ್ಲ ಅನಿಸುತ್ತದೆ.

ಮೂವರಿದ್ದರು. ಒಬ್ಬ ವಯಸ್ಸಾದ ಸರ್ಜನ್, ಕಿವಿಗೆ ಯಂತ್ರ. ಒಬ್ಬ ಮಕ್ಕಳ ಡಾಕ್ಟರಮ್ಮ. ಇನ್ನೊಬ್ಬರು ಬರೆದುಕೊಳ್ಳುವವರು, ತಲೆ ಎತ್ತಲೇ ಇಲ್ಲ. ಹೊರಗೆ ಬೆಂಚಿನ ಮೇಲೆ ಇದ್ದವರೆಲ್ಲ ಒಳಗೆ ಹೋಗಿ ಹತ್ತು ನಿಮಿಷಕ್ಕೆ ನಗುತ್ತ ಬರುತ್ತಿದ್ದರು. ನನ್ನನ್ನು ಅರ್ಧ ಗಂಟೆ ಕೂರಿಸಿದರು. ಅರ್ಧ ಗಂಟೆಯೂ ಆ ಎರಡು ಕೊಳವೆಯ ವಿಷಯವೇ.

ಕೊನೆಗೆ ಆ ಸರ್ಜನ್, “ಯಾರಿಗೂ ಗೊತ್ತಾಗ್ತಿರ್ಲಿಲ್ಲ. ತೊಂದ್ರೆನೂ ಆಗಿರ್ಲಿಲ್ಲ. ಹಾಗಿದ್ರೂ ಯಾಕೆ ಹೇಳಿದ್ರಿ?” ಅಂದರು. ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಉತ್ತರವಿತ್ತು, ನೀತಿ, ಪ್ರಾಮಾಣಿಕತೆ, ಏನೇನೋ. ಬಾಯಿಗೆ ಬರಲಿಲ್ಲ.

“ಮಾರನೇ ದಿನಾನೂ ಅವರ ಕೈಗೆ ಸೂಜಿ ಚುಚ್ಚೋಕೆ ನಾನೇ ಹೋಗ್ಬೇಕಿತ್ತು ಸರ್. ಅವರು ನನ್ನ ನಂಬಿ ತೋಳು ಚಾಚಿದ್ರು. ನಂಗೆ ಆ ತೋಳು ಮುಟ್ಟೋಕೆ ಆಗ್ಲಿಲ್ಲ” ಎಂದೆ.

ಸರ್ಜನ್ ಕನ್ನಡಕ ತೆಗೆದು ಮಡಚಿ ಮೇಜಿನ ಮೇಲಿಟ್ಟರು, ಇನ್ನು ಸಾಕು ಅನ್ನುವ ಹಾಗೆ. “ನೀವು ಹೊರಡಬಹುದು” ಅಂದರು. ಬಾಗಿಲು ಎಳೆಯುವುದೋ ತಳ್ಳುವುದೋ ತಿಳಿಯದೆ ಅದರ ಜೊತೆಗೂ ಸ್ವಲ್ಪ ಹೊತ್ತು ಒದ್ದಾಡಿ ಹೊರಬಂದೆ.

ಸೀಟು ಸಿಗುವುದಿಲ್ಲ ಅಂದುಕೊಂಡಿದ್ದೇನೆ. ಆದರೆ ವಿಚಿತ್ರ ನೋಡು, ಬಸ್ಸಿನಲ್ಲಿ ಬರುವಾಗ ತಲೆ ಎತ್ತಿಕೊಂಡೇ ಬಂದೆ. ಮುಂದಿನ ವರ್ಷ ಮತ್ತೆ ಹಾಕುತ್ತೇನೆ, ಅದರ ಮುಂದಿನ ವರ್ಷವೂ. ನನಗೆ ಇಪ್ಪತ್ತೈದೇ ತಾನೇ.

ನಿನ್ನ ಮಗಳು


ಜೂನ್ ೨೮

ದೊಡ್ಡಮ್ಮಾ!

ಸಿಕ್ಕಿತು! ತೊಂಬತ್ತರಲ್ಲಿ ಎಂಬತ್ತೆಂಟನೆಯವಳು! ನನ್ನ ಹಿಂದೆ ಇನ್ನೂ ಇಬ್ಬರಿದ್ದಾರೆ ದೊಡ್ಡಮ್ಮ, ಇಬ್ಬರು!

ಪತ್ರದ ಕೊನೆಯಲ್ಲಿ ಆ ಸರ್ಜನ್ ಕೈಯಾರೆ ಎರಡು ಸಾಲು ಬರೆದಿದ್ದಾರೆ: ‘ನಲವತ್ತು ವರ್ಷದ ಹಿಂದೆ ನಾನು ಹೇಳದೆ ಬಿಟ್ಟದ್ದೊಂದಿದೆ. ನನ್ನ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂರಿ.’ ಕನ್ನಡಕ ತೆಗೆದದ್ದು ಯಾಕೆಂದು ಈಗ ಅರ್ಥವಾಯಿತು. ನಾನು ಎಂಥ ದಡ್ಡಿ!

ಮೇಡಮ್ಮಿಗೆ ಹೇಳಲು ಹೋದೆ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ, “ಗೊತ್ತಿತ್ತು” ಅಂದರು. ಆಮೇಲೆ ಇಡೀ ದಿನ ಯಾರನ್ನೂ ಬೈಯಲಿಲ್ಲ. ಅದನ್ನು ನೋಡಿ ಎಲ್ಲರಿಗೂ ಗಾಬರಿ.

ಕಾಲೇಜು ಆಗಸ್ಟ್ ೧ಕ್ಕೆ ಶುರು. ಮೊದಲ ದಿನ ಹೊಸಬರಿಗೆಲ್ಲ ಬಿಳಿ ಕೋಟು ಕೊಡುವ ಸಮಾರಂಭವಿದೆ. ಮನೆಯವರು ಬರಬಹುದು ಎಂದು ಬರೆದಿದ್ದಾರೆ. ದವಾಖಾನೆ ಬಿಟ್ಟು ನಿನಗೆ ಬರಲಾಗುವುದಿಲ್ಲ, ಗೊತ್ತು. ಸುಮ್ಮನೆ ತಿಳಿಸಿದೆ.

ನಿನ್ನ ಮಗಳು


ಜುಲೈ ೯

ನನ್ನ ಮಗಳೇ,

ಈ ಸಲ ಕೂತುಕೊಂಡೇ ಓದಿದೆ. ಆಮೇಲೆ ಏಳಲು ಆಗಲಿಲ್ಲ.

ಬೋಟುಕಟ್ಟೆಯ ಮೇಲೆ ಓದಿದ್ದು. ಬಣ್ಣದವಳು ನನ್ನನ್ನು ನೋಡಿ ಕುಂಚ ಕೆಳಗಿಟ್ಟು ಓಡಿ ಬಂದಳು, ಯಾರೋ ಸತ್ತರು ಎಂದುಕೊಂಡು. ಕಾಗದ ಅವಳ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಎರಡು ಸಲ ಓದಿದಳು. “ನಮ್ಮ ಬೋಗುಣಿ ಹುಡುಗಿನಾ?” ಎಂದು ಕೇಳಿದಳು. ಹೌದು ಎಂದೆ. ಪಕ್ಕದಲ್ಲಿ ಕೂತಳು. ನೀಲಿ ಬಣ್ಣದ ಕೈಯನ್ನು ನನ್ನ ಕೈ ಮೇಲಿಟ್ಟಳು. ಬಣ್ಣ ಇನ್ನೂ ಹೋಗಿಲ್ಲ, ನಾನೂ ಉಜ್ಜಲು ಹೋಗಿಲ್ಲ.

ಈಗ ಸರಿಯಾಗಿ ಕೇಳು. ನಿನ್ನನ್ನು ಕರೆತಂದ ಮೇಲೆ, ಹದಿನಾರು ವರ್ಷದಲ್ಲಿ ಮೊದಲ ಸಲ ರಜೆ ಬರೆದೆ. ಅರ್ಜಿಯಲ್ಲಿ ‘ಕಾರಣ’ ಎಂಬಲ್ಲಿ ಏನು ಬರೆಯುವುದು ಎಂದು ತಿಳಿಯದೆ ಬರೆಯುತ್ತಲೇ ಹೋದೆ, ಕಾಗದದ ಹಿಂಬದಿಗೂ ಹೋಯಿತು. ನಿನ್ನ ಕಾಲೇಜಿನವರು ಎರಡು ಪುಟ ಕೊಟ್ಟರು, ನಮ್ಮ ಇಲಾಖೆಯವರು ಒಂದೇ ಗೆರೆ ಕೊಡುತ್ತಾರೆ. ಬದಲಿಗೆ ಒಬ್ಬ ಎಳೆಯ ನರ್ಸ್ ಬರುತ್ತಿದ್ದಾಳೆ. ಅವಳಿಗೆ ಮೊದಲು ಹೇಳಿಕೊಡುವುದು ಔಷಧಿ ಬೀರು ಅಲ್ಲ, ಫೋನು. ಅನುಮಾನ ಬಂದ ತಕ್ಷಣ ಎತ್ತು, ಯಾರು ನಕ್ಕರೂ ಎತ್ತು ಎಂದು ಹೇಳುತ್ತೇನೆ.

ಜುಲೈ ಮೂವತ್ತರ ಬೋಟಿಗೆ ಹೊರಡುತ್ತೇನೆ. ನಿನ್ನ ಕೋಣೆಯಲ್ಲಿ ನನಗೆ ಎತ್ತರದ ದಿಂಬು ಇಡು. ಬಸ್ಸಿನ ಆ ಕಂಡಕ್ಟರನಿಗೆ ಹೇಳಿಡು, ‘ಮೂಳೆ ಪುಸ್ತಕ’ ಇನ್ನು ಮೇಲೆ ಡಾಕ್ಟರಮ್ಮ ಎಂದು. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ.

ಸಮಾರಂಭದಲ್ಲಿ ನಾನು ಅಳುವುದಿಲ್ಲ. ಅತ್ತರೆ ನೀನು ಈ ಕಡೆ ನೋಡಬೇಡ, ಎದುರಿಗೆ ನೋಡಿಕೊಂಡು ನೆಟ್ಟಗೆ ನಡೆ. ಪಕ್ಕದ ಕುರ್ಚಿಯಲ್ಲಿ ಯಾರೇ ಕೂತಿರಲಿ, ದೊಡ್ಡ ಡಾಕ್ಟರೇ ಆಗಿರಲಿ, ಅವರು ಕೇಳಲಿ, ಕೇಳದೇ ಇರಲಿ, ತೋಳು ಹಿಡಿದು ತಿರುಗಿಸಿ ಹೇಳುತ್ತೇನೆ: “ಅಗೋ ನೋಡಿ, ಸಾಲಿನಲ್ಲಿ ಕೊನೆಯಿಂದ ಮೂರನೆಯವಳು. ಅವಳು ನನ್ನ ಮಗಳು.”

ದೊಡ್ಡಮ್ಮ